ಟೀ ಬ್ರೇಕಿನ ಜಾತಿ

ಲಗಾನ್ ಸಿನಿಮಾದ ಕಚ್ರಾ ನಿಮಗೆ ನೆನಪಿರಲೇಬೇಕು. ಸಿನಿಮಾ ಬಂದಿದ್ದು 2001ರಲ್ಲಿ. ಇವತ್ತಿಗೂ ಆಫೀಸಿನ ಕ್ರಿಕೆಟ್ ಮ್ಯಾಚಿನಲ್ಲಿ ಯಾರಾದರೂ ಚೆಂಡನ್ನು ಒಂದು ಗೇಣು ತಿರುಗಿಸಿದರೆ ಸಾಕು, ಬೌಂಡರಿ ಹತ್ತಿರ ನಿಂತವರೊಬ್ಬರು "ಕಚ್ರಾ! ಕಚ್ರಾ!" ಅಂತ ಕೂಗುತ್ತಾರೆ. ಕೂಗುವವರಿಗೆ ಅದು ಹೊಗಳಿಕೆ. ಕಚ್ರಾ ಅಂದರೆ ಕಸ ಅಂತ ಅರ್ಥ, ಆ ಪಾತ್ರಕ್ಕೆ ಆ ಹೆಸರಿಟ್ಟಿದ್ದು ಅವನ ಜಾತಿ ನೋಡಿ ಅನ್ನೋದು ಆ ಹೊತ್ತಿನಲ್ಲಿ ಯಾರ ತಲೆಗೂ ಬರೋದಿಲ್ಲ.

ಬರದೇ ಇದ್ದರೆ ಏನಾಗುತ್ತೆ ಅಂತ 2023ರ ಪರಿಸರ ದಿನಕ್ಕೆ ಗೊತ್ತಾಯ್ತು. ಜೊಮ್ಯಾಟೊದವರು ಒಂದು ಜಾಹೀರಾತು ಮಾಡಿದರು. ಕಚ್ರಾ ಪಾತ್ರ ಮಾಡಿದ್ದ ಆದಿತ್ಯ ಲಾಖಿಯಾ ಅವರನ್ನೇ ಕರೆಸಿ, ಪ್ಲಾಸ್ಟಿಕ್ ಕಸದಿಂದ ಏನೇನು ವಸ್ತು ಮಾಡಬಹುದೋ ಆ ವಸ್ತುಗಳ ಜಾಗದಲ್ಲಿ ಆ ಮನುಷ್ಯನನ್ನೇ ಇಟ್ಟು ತೋರಿಸಿದರು. ಗಲಾಟೆ ಆಯ್ತು, ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ನೋಟಿಸ್ ಕೊಟ್ಟಿತು, ಜಾಹೀರಾತು ವಾಪಸ್ ಹೋಯ್ತು. ನಮ್ಮಂಥ ಕಂಪನಿಗಳಲ್ಲಿ ಕೆಲಸ ಮಾಡೋರಿಗೆ ಗೊತ್ತು, ಒಂದು ಬಟನ್ನಿನ ಬಣ್ಣ ಬದಲಾಯಿಸೋಕೂ ಎಷ್ಟು ಮೀಟಿಂಗ್ ಆಗುತ್ತೆ ಅಂತ. ಆ ಜಾಹೀರಾತು ಎಷ್ಟು ರೂಮು ದಾಟಿ ಬಂದಿರಬೇಕು ಯೋಚನೆ ಮಾಡಿ. ಅಷ್ಟು ರೂಮುಗಳಲ್ಲಿ "ಇದು ಬೇಡ" ಅನ್ನೋಕೆ ಒಬ್ಬರು ಇರಲಿಲ್ಲ, ಇಲ್ಲಾ ಇದ್ದವರಿಗೆ ಬಾಯಿ ಇರಲಿಲ್ಲ.

ಆದರೆ ನನ್ನ ತಕರಾರು ಜಾಹೀರಾತಿನ ಮೇಲಲ್ಲ, ಸಿನಿಮಾದ ಮೇಲೆ. ಲಗಾನ್ ಕೆಟ್ಟ ಸಿನಿಮಾ ಅಲ್ಲ. ಅಸ್ಪೃಶ್ಯನೊಬ್ಬ ಕ್ರಿಕೆಟ್ ತಂಡದಲ್ಲಿ ಇರೋದನ್ನ ಅಷ್ಟು ದೊಡ್ಡ ಪರದೆ ಮೇಲೆ ಅದಕ್ಕೆ ಮುಂಚೆ ಯಾರು ತೋರಿಸಿದ್ದರು? ನಾನು ಕೇಳೋದು, ಹೇಗೆ ತೋರಿಸಿದರು ಅಂತ. ಮೂರು ವಿಷಯ ಗಮನಿಸಿ. ಒಂದು, ಕಚ್ರಾಗೆ ಸ್ಪಿನ್ ಬರೋದು ಅಭ್ಯಾಸದಿಂದಲ್ಲ. ಅವನ ಕೈ ಊನ, ಅದಕ್ಕೇ ಚೆಂಡು ತಿರುಗುತ್ತೆ. ತಾನು ಏನು ಮಾಡಿದೆ ಅಂತ ಅವನಿಗೇ ಗೊತ್ತಿಲ್ಲ. ಎರಡು, ಅವನು ಒಳಗೆ ಬರೋದು ನಾಯಕ ಭುವನ್ ಭಾಷಣ ಮಾಡಿ ಊರಿನವರ ಮನಸ್ಸು ಕರಗಿಸಿದ ಮೇಲೆ. ಬಾಗಿಲು ತೆಗೆದವನು ಭುವನ್, ಕಚ್ರಾ ತಟ್ಟಲೂ ಇಲ್ಲ. ಮೂರು, ಇಡೀ ಸಿನಿಮಾದಲ್ಲಿ ಕಚ್ರಾ ಮಾತಾಡೋದು ತೀರಾ ಕಮ್ಮಿ. ಹ್ಯಾಟ್ರಿಕ್ ತೆಗೀತಾನೆ, ಕೊನೆ ಬಾಲಿಗೆ ಒಂದು ರನ್ ಓಡಿ ಸ್ಟ್ರೈಕ್ ಕೊಡ್ತಾನೆ, ಅದು ನೋ ಬಾಲ್ ಆಗಿದ್ದರಿಂದ ಇನ್ನೊಂದು ಎಸೆತ ಸಿಗುತ್ತೆ, ಸಿಕ್ಸ್ ಹೊಡೆಯೋದು ಭುವನ್.

ಅಂದರೆ ಪ್ರತಿಭೆ ದೇವರದ್ದು, ಅವಕಾಶ ಮೇಲ್ಜಾತಿಯವನದ್ದು, ಗೆಲುವು ಊರಿನದ್ದು. ಹಾಗಾದರೆ ಕಚ್ರಾನದ್ದು ಅಂತ ಏನು ಉಳಿಯಿತು?

ಈಗ ನಿಜವಾದ ಕಥೆ ಕೇಳಿ. ಲಗಾನ್ ನಡೆಯೋದು 1893ರಲ್ಲಿ. ಸರಿಯಾಗಿ ಅದೇ ಕಾಲಕ್ಕೆ ಪುಣೆಯಲ್ಲಿ ಒಬ್ಬ ಹುಡುಗ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್‌ಗೆ ರೋಲರ್ ಎಳೆಯುತ್ತಿದ್ದ. ಹೆಸರು ಪಲ್ವಾಂಕರ್ ಬಾಲೂ. ಚಮ್ಮಾರರ ಮನೆಯವರು. ಹುಟ್ಟಿದ್ದು 1875-76ರ ಸುಮಾರಿಗೆ, ನಮ್ಮ ಧಾರವಾಡದಲ್ಲಿ. ಹೌದು, ಪೇಢಾ, ಬೇಂದ್ರೆ, ಮಲ್ಲಿಕಾರ್ಜುನ ಮನಸೂರರ ಧಾರವಾಡವೇ. ನನ್ನ ಟೀಮಿನಲ್ಲೇ ಇಬ್ಬರು ಧಾರವಾಡದವರಿದ್ದಾರೆ, ಇಬ್ಬರೂ ಕ್ರಿಕೆಟ್ ಹುಚ್ಚರು. ಕೇಳಿ ನೋಡಿದೆ. ಒಬ್ಬರೂ ಈ ಹೆಸರು ಕೇಳಿರಲಿಲ್ಲ. ಅದು ಅವರ ತಪ್ಪಲ್ಲ, ಹೇಳಿಕೊಟ್ಟವರಿಲ್ಲ. ಈ ಅಣ್ಣತಮ್ಮಂದಿರ ಕಥೆಯನ್ನ ಹುಡುಕಿ ತೆಗೆದು ವಿವರವಾಗಿ ಬರೆದವರು ರಾಮಚಂದ್ರ ಗುಹಾ. ಅವರ ಪುಸ್ತಕ ಬಂದಿದ್ದು ಲಗಾನ್ ಬಂದ ಮರುವರ್ಷ, 2002ರಲ್ಲಿ.

ಅಪ್ಪನಿಗೆ ಸೈನ್ಯದ ಕಡೆ ಕೆಲಸ, ಹಾಗಾಗಿ ಮನೆ ಪುಣೆಗೆ ಹೋಯ್ತು. ಬಾಲೂ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿಗೆ ಪಿಚ್ ಗುಡಿಸುತ್ತಿದ್ದರು. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ರೋಲರ್ ಎಳೆಯೋದು, ನೆಟ್ ಕಟ್ಟೋದು, ಗೆರೆ ಹಾಕೋದು, ಜೊತೆಗೆ ಸಾಹೇಬರುಗಳಿಗೆ ಪ್ರಾಕ್ಟೀಸ್‌ಗೆ ಬೌಲಿಂಗ್ ಮಾಡೋದು. ಎಡಗೈ ಸ್ಪಿನ್. ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ಜೆ. ಜಿ. ಗ್ರೆಗ್ ಎಲ್ಲರಿಗಿಂತ ಮುಂಚೆ ಬಂದು ಬಾಲೂ ಕೈಲಿ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದನಂತೆ, ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದನಂತೆ. ವರ್ಷಗಟ್ಟಲೆ ಬೌಲಿಂಗ್ ಮಾಡಿದರೂ ಆ ನೆಟ್‌ನಲ್ಲಿ ಬಾಲೂ ಕೈಗೆ ಬ್ಯಾಟ್ ಮಾತ್ರ ಸಿಗಲಿಲ್ಲವಂತೆ. ಬ್ಯಾಟಿಂಗ್ ಯಜಮಾನರ ಕೆಲಸ, ಬೌಲಿಂಗ್ ಆಳಿನ ಕೆಲಸ.

ಕಚ್ರಾಗೂ ಬಾಲೂಗೂ ಇರೋ ವ್ಯತ್ಯಾಸ ಇಲ್ಲಿದೆ. ಬಾಲೂ ಅವರ ಸ್ಪಿನ್ ಊನದಿಂದ ಬಂದಿದ್ದಲ್ಲ. ದಿನಾ ಬೆಳಗ್ಗೆ ಆ ಕಾಲದ ಒಳ್ಳೇ ಬ್ಯಾಟ್ಸ್‌ಮನ್ನಿಗೆ ಬೌಲಿಂಗ್ ಮಾಡಿ ಮಾಡಿ ಬೆರಳಿಗೆ ಹತ್ತಿದ ವಿದ್ಯೆ ಅದು. ನಮ್ಮ ಭಾಷೇಲಿ ಹೇಳೋದಾದ್ರೆ ಸಾವಿರಾರು ಗಂಟೆಯ ಪ್ರಾಕ್ಟೀಸ್. ಇದನ್ನ ಊನವಾದ ಕೈ ಮಾಡಿಬಿಟ್ಟರೆ ಆ ಸಾವಿರಾರು ಗಂಟೆ ಅಳಿಸಿಹೋಗುತ್ತೆ.

ಕೆಳಗಿನವರ ಆಟವನ್ನ ಮೈಗೆ ಕಟ್ಟಿ, ಬುದ್ಧಿಗೆ ಕಟ್ಟದೇ ಇರೋದು ಸಿನಿಮಾದವರು ಮಾತ್ರ ಮಾಡಿದ ಕೆಲಸ ಅಲ್ಲ. ನಮ್ಮ ಉತ್ತರ ಕನ್ನಡದ ಸಿದ್ದಿಗಳ ವಿಷಯ ತಗೊಳ್ಳಿ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಒಂದು ವಿಶೇಷ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನ ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರಕೊಂಡು ಹೋಯ್ತು. ಲೆಕ್ಕಾಚಾರ ಏನಪ್ಪಾ ಅಂದ್ರೆ, ಇವರ ಪೂರ್ವಿಕರು ಆಫ್ರಿಕಾದವರು, ಹಾಗಾಗಿ ಓಟ ರಕ್ತದಲ್ಲೇ ಇದೆ, ಒಲಿಂಪಿಕ್ಸ್ ಮೆಡಲ್ ಬರುತ್ತೆ. ಆ ಮಕ್ಕಳಲ್ಲಿ ಕೆಲವರು ಚೆನ್ನಾಗಿಯೇ ಓಡಿದರು. 1990ರ ದಶಕದ ಆರಂಭದಲ್ಲಿ ಸಿದ್ದಿಗಳ ಮಟ್ಟಿಗೆ ಯೋಜನೆ ನಿಂತುಹೋಯ್ತು, ಮಕ್ಕಳು ಮನೆಗೆ ಬಂದರು. ಅದೇ ಜನಕ್ಕೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. ಮೆಡಲ್ಲಿಗೆ ಬೇಕಾದಾಗ ಮೈ ಬಣ್ಣ ಕಂಡಿತು, ಹಕ್ಕಿನ ಮಾತು ಬಂದಾಗ ಅದೇ ಜನ ಕಾಣೋಕೆ ಇನ್ನೂ ಹತ್ತು ವರ್ಷ ಹಿಡೀತು.

ಬಾಲೂ ಕಥೆಗೆ ಬರೋಣ. ಆಗಿನ ಕ್ರಿಕೆಟ್ ಹಂಚಿಹೋಗಿದ್ದೇ ಬಣ್ಣ ಮತ್ತು ಧರ್ಮದ ಮೇಲೆ. ಮುಂಬೈಯಲ್ಲಿ ಯುರೋಪಿಯನ್ನರ ತಂಡ, ಪಾರ್ಸಿ ತಂಡ, ಆಮೇಲೆ ಹಿಂದೂ ತಂಡ, ಮುಸ್ಲಿಂ ತಂಡ. 1907ಕ್ಕೆ ತ್ರಿಕೋನ, 1912ಕ್ಕೆ ಚತುಷ್ಕೋನ, 1937ಕ್ಕೆ ಪಂಚಕೋನ ಅಂತ ಬೆಳೆದು 1946ಕ್ಕೆ ನಿಂತ ಪಂದ್ಯಾವಳಿ ಇದು. ಬಾಂಬೆ ಜಿಮ್ಖಾನಾದಲ್ಲಿ ಭಾರತೀಯರಿಗೆ ಸದಸ್ಯತ್ವ ಇರಲಿಲ್ಲ. ಬಿಳಿಯರು ನಮ್ಮನ್ನ ಹೊರಗಿಟ್ಟಿದ್ದರು ಅಂತ ಸಿಟ್ಟಾಗಿದ್ದ ಹಿಂದೂಗಳು ಬಾಲೂ ಅವರನ್ನ ಏನು ಮಾಡಿದರು?

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನ ಸೋಲಿಸಬೇಕಿತ್ತು. ಸೋಲಿಸೋ ಬೌಲರ್ ಕಣ್ಣೆದುರೇ ಇದ್ದ. ಕೆಲವರ ವಿರೋಧದ ನಡುವೆ ತಗೊಂಡರು. ಮೈದಾನದೊಳಗೆ ಎಲ್ಲರೂ ಮುಟ್ಟಿದ ಚೆಂಡನ್ನೇ ಬಾಲೂ ಮುಟ್ಟಬಹುದು. ಟೀ ಬ್ರೇಕ್ ಬಂತೋ, ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ, ಬಾಲೂ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಚೆಂಡಿಗೆ ಮೈಲಿಗೆ ಇಲ್ಲ, ಕಪ್ಪಿಗೆ ಇದೆ! ಈ ಶಾಸ್ತ್ರ ಯಾವ ಪುಸ್ತಕದಲ್ಲಿದೆಯೋ ನಾನು ಕಾಣೆ. ಗೆಲುವು ಬೇಕಾದ ಜಾಗದಲ್ಲಿ ಶಾಸ್ತ್ರ ಸಡಿಲ, ಬೇಡವಾದ ಜಾಗದಲ್ಲಿ ಬಿಗಿ, ಅಷ್ಟೇ.

ಇದನ್ನ ಓದುವಾಗ ನನಗೆ ನೂರು ವರ್ಷದ ಹಿಂದಿನ ಕಥೆ ಅಂತ ಅನ್ನಿಸಲಿಲ್ಲ. ನಾನು ಹೊಳಲ್ಕೆರೆ ತಾಲೂಕಿನ ಹಳ್ಳಿಯವನು, ಕೇರಿಯವನು. ನಮ್ಮ ದೊಡ್ಡಪ್ಪನ ಮಗ ಒಬ್ಬ ಅಣ್ಣ ಇದ್ದ, ಟೆನಿಸ್ ಬಾಲಿನಲ್ಲಿ ಅವನಷ್ಟು ಜೋರಾಗಿ ಎಸೆಯೋರು ಸುತ್ತ ಹತ್ತು ಹಳ್ಳೀಲಿ ಇರಲಿಲ್ಲ. ಬೇಸಿಗೇಲಿ ಕೆರೆ ಬತ್ತಿದ ಮೇಲೆ ಅದರ ಅಂಗಳದಲ್ಲೇ ಪಿಚ್. ಹೊಸದುರ್ಗದ ಕಡೆಯಿಂದ, ಹಿರಿಯೂರಿನ ಕಡೆಯಿಂದ ಟೀಮುಗಳು ಟಾಟಾ ಏಸ್‌ನಲ್ಲಿ ಬರೋವು. ಟೂರ್ನಮೆಂಟ್ ದಿನ ಬೆಳಗ್ಗೆ ಊರೊಳಗಿನ ಹುಡುಗರು ಬೈಕು ತಗೊಂಡು ನಮ್ಮ ಮನೆ ಮುಂದೆ ಬಂದು ನಿಲ್ಲೋರು. "ಬಾರಲೇ, ನೀನಿಲ್ದೆ ಆಗಲ್ಲ" ಅಂತ. ಬೈಕಿನ ಹಿಂದೆ ಕೂರಿಸಿಕೊಂಡು, ಹೆಗಲ ಮೇಲೆ ಕೈ ಹಾಕ್ಕೊಂಡು ಕರಕೊಂಡು ಹೋಗೋರು. ಗೆದ್ದು ಬರುವಾಗ ಹೋಟೆಲ್ ಮುಂದೆ ಬೈಕ್ ನಿಂತರೆ ಅಣ್ಣ ಇಳಿದು, ತಾನೇ ಹೋಗಿ ಹೊರಗಿನ ಕಟ್ಟೆ ಮೇಲೆ ಕೂರೋನು. ಅವನಿಗೆ ಪ್ಲಾಸ್ಟಿಕ್ ಲೋಟ. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಮ್ಮಜ್ಜಿ ಒಂದೇ ಮಾತಲ್ಲಿ ಹೇಳೋಳು, "ಆಟಕ್ಕೆ ಬೇಕು, ಕೂಟಕ್ಕೆ ಬ್ಯಾಡ."

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಈಗ ಬದಲಾಗಿದೆ ಅಂತೀರಾ? ಬದಲಾಗಿದೆ, ಆ ಹೋಟೆಲ್ಲಿನಲ್ಲಿ ಈಗ ಎಲ್ಲರಿಗೂ ಪೇಪರ್ ಕಪ್ಪು. ಆದರೆ 2019ರ ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರದುರ್ಗದ ಎಂಪಿ ಎ. ನಾರಾಯಣಸ್ವಾಮಿ ಅವರು ತಮ್ಮ ಕ್ಷೇತ್ರದ್ದೇ ಆದ ಪಾವಗಡ ತಾಲೂಕಿನ ಗೊಲ್ಲರಹಟ್ಟಿಗೆ ಹೋದಾಗ, ದಲಿತರು ಅನ್ನೋ ಕಾರಣಕ್ಕೆ ಅವರನ್ನ ಒಳಗೆ ಬಿಡಲಿಲ್ಲ. ಓಟು ಹಾಕಿ ಕಳಿಸಿದ ಸಂಸದರಿಗೇ ಹಟ್ಟಿಯ ಹೊರಗೆ ಕುರ್ಚಿ. ಎಂಪಿ ಆದರೂ ಅಷ್ಟೇ, ಐದು ವಿಕೆಟ್ ತೆಗೆದರೂ ಅಷ್ಟೇ.

ಬಾಲೂ ತೆಗೆದ ವಿಕೆಟ್ಟುಗಳ ಲೆಕ್ಕ ಸಣ್ಣದಲ್ಲ. ಮುಂಬೈಗೆ ಹೋಗಿ ಅಲ್ಲಿನ ಹಿಂದೂ ಜಿಮ್ಖಾನಾ ಸೇರಿದರು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್ನಿಂದ ಸೋಲಿಸಿತು. ಹಿಂದೂಗಳದ್ದು 242 ಮತ್ತು 160, ಅವರದ್ದು 191 ಮತ್ತು 102. ಬಾಲೂ ಅವರಿಗೆ ಎರಡೂ ಇನ್ನಿಂಗ್ಸ್ ಸೇರಿ ಎಂಟು ವಿಕೆಟ್. ತಮ್ಮ ಶಿವರಾಮ್ ಕೂಡ ತಂಡದಲ್ಲಿದ್ದರು. ಆ ಹೊತ್ತಿಗೆ ಅಣ್ಣತಮ್ಮಂದಿರಿಗೆ ಉಳಿದವರ ಜೊತೆ ಒಳಗೆ ಕೂತು ಊಟ ಸಿಗುವ ಹಾಗಾಯ್ತು. 1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯ್ತು. ಆಡಿದ 23 ಮ್ಯಾಚಲ್ಲಿ ಗೆದ್ದಿದ್ದು ಬರೀ 6. ಆ ಸೋಲುಗಳ ನಡುವೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು, ಸರಾಸರಿ 18.84. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಹಾಗಾಗಿ ಬಾಲೂ ಹೆಸರು ಟೆಸ್ಟ್ ದಾಖಲೆಯಲ್ಲಿ ಎಲ್ಲೂ ಇಲ್ಲ. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ 33 ಮ್ಯಾಚು, 179 ವಿಕೆಟ್, ಸರಾಸರಿ 15.21.

ಇಂಥ ಅಂಕಿ ಇಟ್ಟುಕೊಂಡು ನಮ್ಮ ಅಪ್ರೈಸಲ್‌ಗೆ ಹೋದರೆ ಏನಾಗಬೇಕು? ಪ್ರಮೋಷನ್ ಆಗಬೇಕು. ಬಾಲೂ ಅವರಿಗೆ ಆಗಲಿಲ್ಲ. ಹಿಂದೂ ತಂಡದ ನಾಯಕತ್ವ ವರ್ಷ ವರ್ಷವೂ ಬೇರೆಯವರಿಗೆ ಹೋಯ್ತು. ವಿಕೆಟ್ ತೆಗೆಯೋದು ಕೆಲಸ, ನಾಯಕನಾಗೋದು ಅಧಿಕಾರ. ಬ್ರಾಹ್ಮಣ ಆಟಗಾರನಿಗೆ ಚಮ್ಮಾರ "ನೀನು ಅಲ್ಲಿ ನಿಲ್ಲು" ಅಂತ ಹೇಳೋದು ಹೇಗೆ? ಟೀ ಕಪ್ಪಿನ ಗೆರೆ ಅಳಿಸಿದ ಮೇಲೂ ಉಳಿದ ಗೆರೆ ಇದು.

1920ರಲ್ಲಿ ಅದು ಬಯಲಿಗೆ ಬಂತು. ಬಾಲೂ ಅವರನ್ನ ತಂಡದಿಂದಲೇ ಕೈಬಿಟ್ಟರು. ನಾಯಕ ಎಂ. ಡಿ. ಪೈ ಅವರಿಗೆ ಮೊದಲ ಪಂದ್ಯಕ್ಕೆ ಆರೋಗ್ಯ ಇರಲಿಲ್ಲ. ಅನುಭವದಲ್ಲಿ ಹಿರಿಯರಾದ ತಮ್ಮ ವಿಠ್ಠಲ್ ಇದ್ದರೂ ಅವರನ್ನ ಬಿಟ್ಟು ಡಿ. ಬಿ. ದೇವಧರ್ ಅವರನ್ನ ನಾಯಕರನ್ನಾಗಿ ಮಾಡಿದರು. ಆಗ ವಿಠ್ಠಲ್ ಮತ್ತು ಶಿವರಾಮ್ ಇಬ್ಬರೂ ಆಡೋದಿಲ್ಲ ಅಂತ ಹೊರಗೆ ಬಂದರು. ಸುಮ್ಮನೆ ಮುನಿಸಿಕೊಂಡು ಮನೇಲಿ ಕೂರಲಿಲ್ಲ. ಜಾತಿಯ ಕಾರಣಕ್ಕೆ ನಮಗೆ ಅನ್ಯಾಯ ಆಗಿದೆ ಅಂತ ಬರೆದು ಪತ್ರಿಕೆಗೆ ಕೊಟ್ಟರು. ಊರೆಲ್ಲ ಚರ್ಚೆ ಆಯ್ತು. ಗಾಂಧೀಜಿ ಅಸ್ಪೃಶ್ಯತೆ ವಿರುದ್ಧ ಮಾತಾಡುತ್ತಿದ್ದ ಕಾಲ ಬೇರೆ. ಜಿಮ್ಖಾನಾ ಬಗ್ಗಲೇಬೇಕಾಯ್ತು. ಪಾರ್ಸಿಗಳ ವಿರುದ್ಧದ ಮುಂದಿನ ಪಂದ್ಯಕ್ಕೆ ಬಾಲೂ ವಾಪಸ್ ಬಂದರು, ಉಪನಾಯಕರಾಗಿ. ತಮ್ಮಂದಿರೂ ಬಂದರು. ಆಟದ ನಡುವೆ ಪೈ ಸ್ವಲ್ಪ ಹೊತ್ತು ಬೇಕಂತಲೇ ಮೈದಾನ ಬಿಟ್ಟು ಹೊರಗೆ ಹೋದರು, ಬಾಲೂ ತಂಡ ನಡೆಸಲಿ ಅಂತ. 1923ರಲ್ಲಿ ವಿಠ್ಠಲ್ ಪೂರ್ತಿ ನಾಯಕರಾದರು, ತಂಡ ಗೆದ್ದಿತು.

ನನ್ನ ವಾದದ ಗಂಟು ಇರೋದು ಈ 1920ರಲ್ಲಿ. "ಪ್ರತಿಭೆ ಇದ್ದರೆ ಯಾರೂ ತಡೆಯೋಕಾಗಲ್ಲ, ಜಾತಿ ಗೀತಿ ಎಲ್ಲ ನೆಪ" ಅನ್ನೋ ಮಾತು ಕ್ಯಾಂಟೀನಿನಲ್ಲಿ ವಾರಕ್ಕೊಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತೆ. ಬಾಲೂ ಮನೆಯವರಿಗೆ ಪ್ರತಿಭೆ ಇರಲಿಲ್ಲವೇ? ಹದಿನೈದು ವರ್ಷ ವಿಕೆಟ್ ತೆಗೆದು ತೋರಿಸಿದರು. ಪ್ರತಿಭೆ ಅವರನ್ನ ಮೈದಾನದವರೆಗೆ ತಂದಿತು, ಊಟದ ಮನೆಯವರೆಗೂ ತಂದಿತು. ನಾಯಕನ ಜಾಗಕ್ಕೆ ತರಲಿಲ್ಲ. ಅಲ್ಲಿಗೆ ತಂದಿದ್ದು "ನಾವು ಆಡೋದಿಲ್ಲ" ಅನ್ನೋ ಮಾತು. ಅಂದರೆ ಮುಷ್ಕರ. ಆ ಮುಷ್ಕರಕ್ಕೆ ಬೆಲೆ ಬಂದಿದ್ದು ಇವರಿಲ್ಲದೆ ಗೆಲ್ಲೋದು ಕಷ್ಟ ಅಂತ ಇದ್ದಿದ್ದರಿಂದ, ಸರಿ. ಆದರೆ ಬರೀ ಗೆದ್ದುಕೊಡುತ್ತಾ ಇದ್ದಿದ್ದರೆ ಇನ್ನೂ ಹದಿನೈದು ವರ್ಷ ಗೆದ್ದುಕೊಡುತ್ತಲೇ ಇರಬೇಕಿತ್ತು. ಲಗಾನ್‌ನಲ್ಲಿ ಇಲ್ಲದೇ ಇರೋ ದೃಶ್ಯ ಇದೇ. ಕಚ್ರಾ ಒಂದು ಸಲ "ನಾನು ಬರಲ್ಲ" ಅಂದಿದ್ದರೆ? ಭುವನ್ ಮುಖ ಹೇಗಾಗುತ್ತಿತ್ತು ಅಂತ ನೋಡೋ ಆಸೆ ನನಗೆ.

ಹೊರದೇಶದ ಇಂಥ ಕಥೆಗಳು ನಮಗೆ ಚೆನ್ನಾಗಿ ಗೊತ್ತು. 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ಅಮೆರಿಕದ ಬೇಸ್‌ಬಾಲ್‌ನ ವರ್ಣಗೋಡೆ ಒಡೆದ ಜಾಕಿ ರಾಬಿನ್ಸನ್ ಅವರ 42 ನಂಬರಿನ ಟೀ ಶರ್ಟ್ ಹಾಕಿದವರನ್ನ ಬೆಂಗಳೂರಿನ ಮೆಟ್ರೋದಲ್ಲೇ ನೋಡಿದ್ದೇನೆ. ಕೇಪ್‌ಟೌನಿನ ಬೇಸಿಲ್ ಡಿ ಒಲಿವೇರಾ ಬಣ್ಣದ ಕಾರಣಕ್ಕೆ ತನ್ನ ದೇಶಕ್ಕೆ ಆಡಲಾಗದೆ ಇಂಗ್ಲೆಂಡಿಗೆ ಹೋದರು. 1968ರಲ್ಲಿ ಓವಲ್‌ನಲ್ಲಿ 158 ಹೊಡೆದರು, ಇಂಗ್ಲೆಂಡ್ ತಂಡದಲ್ಲಿ ಅವರಿದ್ದಾರೆ ಅಂತ ದಕ್ಷಿಣ ಆಫ್ರಿಕಾ ಆ ಪ್ರವಾಸವನ್ನೇ ಬೇಡ ಅಂದಿತು. ಆಮೇಲೆ 1970ರಿಂದ 1991ರವರೆಗೆ ಆ ದೇಶ ಅಂತರರಾಷ್ಟ್ರೀಯ ಕ್ರಿಕೆಟ್ಟಿಂದ ಹೊರಗೆ. ವರ್ಣಭೇದ ಬೇಡ ಅಂತ 1974ರಲ್ಲಿ ನಾವು ದಕ್ಷಿಣ ಆಫ್ರಿಕಾ ವಿರುದ್ಧದ ಡೇವಿಸ್ ಕಪ್ ಫೈನಲ್ಲನ್ನೇ ಬಿಟ್ಟುಕೊಟ್ಟೆವು. ಹೆಮ್ಮೆಯ ಕೆಲಸ. ದೂರದ ಅನ್ಯಾಯಕ್ಕೆ ಒಂದು ಕಪ್ಪನ್ನೇ ಬಿಟ್ಟುಕೊಟ್ಟ ದೇಶಕ್ಕೆ ಹೋಟೆಲ್ಲಿನ ಇನ್ನೊಂದು ಕಪ್ಪು ಕಾಣಲಿಲ್ಲ ಅನ್ನೋದು ಬೇಸರ.

ಇಷ್ಟು ಹೇಳಿ ಬಾಲೂ ಅವರನ್ನ ಪಟ ಮಾಡಿ ಗೋಡೆಗೆ ತೂಗುಹಾಕೋದು ಸುಲಭ. ಅವರ ಜೀವನ ಹಾಗೆ ತೂಗುಹಾಕೋಕೆ ಬಿಡೋದಿಲ್ಲ. ತರುಣ ಅಂಬೇಡ್ಕರ್ ಅವರಿಗೆ ಬಾಲೂ ಅಂದರೆ ಅಭಿಮಾನ ಇತ್ತು. ಆದರೆ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕು ಅಂತ ಅಂಬೇಡ್ಕರ್ ಹಟ ಹಿಡಿದಾಗ ಬಾಲೂ ಗಾಂಧಿ ಕಡೆ ನಿಂತರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಮುಂಬೈ ವಿಧಾನಸಭೆಗೆ ಕಾಂಗ್ರೆಸ್ಸಿನವರು ಅಂಬೇಡ್ಕರ್ ವಿರುದ್ಧ ಬಾಲೂ ಅವರನ್ನೇ ನಿಲ್ಲಿಸಿದರು. ಅಂಬೇಡ್ಕರ್‌ಗೆ 13,245, ಬಾಲೂಗೆ 11,225.

ಕೆಲವರಿಗೆ ಇದು ಸಿಟ್ಟು ತರಿಸುತ್ತೆ. ನನಗೂ ಮೊದಲ ಸಲ ಓದಿದಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯ್ತು. ಆದರೆ ಪಕ್ಕದಲ್ಲಿ ರಾಬಿನ್ಸನ್ ಕಥೆ ಇಟ್ಟು ನೋಡಿ. ಕರಿಯರ ಹಕ್ಕಿಗೆ ದನಿ ಎತ್ತಿದ್ದ ಗಾಯಕ ಪಾಲ್ ರಾಬ್ಸನ್ ವಿರುದ್ಧ ಮಾತಾಡಿಸೋಕೆ 1949ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಕರೆಸಿದ್ದು ಇದೇ ರಾಬಿನ್ಸನ್ ಅವರನ್ನ. ಎರಡು ದೇಶ, ಎರಡು ಆಟ, ಉಪಾಯ ಒಂದೇ. ಗೋಡೆ ಒಡೆದು ಒಳಗೆ ಬಂದ ಒಬ್ಬನನ್ನ ಹಿಡಿದು, ಹೊರಗೆ ನಿಂತು ಕೂಗುತ್ತಿರೋ ಇನ್ನೊಬ್ಬನ ಮುಂದೆ ನಿಲ್ಲಿಸೋದು. "ನೋಡು, ಇವನಿಗೆ ಕೊಟ್ಟಿಲ್ಲವಾ? ನಿನ್ನದೇನು ಗಲಾಟೆ?" ಹಾಗಂತ ಬಾಲೂ ಕೈಗೊಂಬೆ ಆಗಿದ್ದರು ಅಂತ ನಾನು ಹೇಳಲ್ಲ. ಅವರಿಗೆ ಅವರದೇ ನಂಬಿಕೆ ಇತ್ತು. ಹಿಂದೂ ತಂಡದ ಒಳಗಿದ್ದುಕೊಂಡೇ ಮಣ್ಣಿನ ಕುಡಿಕೆಯಿಂದ ಉಪನಾಯಕನ ಜಾಗದವರೆಗೆ ಬಂದವರಿಗೆ, ಒಳಗಿದ್ದುಕೊಂಡೇ ಬದಲಾಯಿಸಬಹುದು ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ? ಮಹಾಡದಲ್ಲಿ ಒಂದು ಕೆರೆಯ ನೀರಿಗೆ ಹೋರಾಡಬೇಕಾಗಿ ಬಂದ ಅಂಬೇಡ್ಕರ್ ಅವರಿಗೆ ಹಾಗೆ ಅನ್ನಿಸದಿದ್ದರಲ್ಲೂ ಆಶ್ಚರ್ಯ ಇಲ್ಲ. ನನ್ನ ಓಟು ಅಂಬೇಡ್ಕರ್‌ಗೆ. ಆದರೆ ಬಾಲೂ ಸೋತ ಆ ಚುನಾವಣೆಯಿಂದ ಅವರ 1920 ಅಳಿಸಿಹೋಗೋದಿಲ್ಲ.

ಆಟಗಾರನಿಂದ ಇದಕ್ಕಿಂತ ಹೆಚ್ಚು ಕೇಳೋದೂ ತಪ್ಪು, ಕಮ್ಮಿ ಕೇಳೋದೂ ತಪ್ಪು. ಇಡೀ ಜಾತಿವ್ಯವಸ್ಥೆ ಒಡೆಯೋದು ಒಬ್ಬ ಎಡಗೈ ಸ್ಪಿನ್ನರ್ ಕೆಲಸ ಅಲ್ಲ. ಆದರೆ ಅವನನ್ನ ಊನ ಕೈಯವನಾಗಿ, ಮಾತು ಬಾರದವನಾಗಿ, ಬೇರೆಯವರ ದೊಡ್ಡತನದಿಂದ ಒಳಗೆ ಬಂದವನಾಗಿ ತೋರಿಸಿದರೆ, ಅವನು ನಿಜವಾಗಿ ಒಡೆದ ಅಷ್ಟಗಲ ಗೋಡೆಯನ್ನೂ ಮತ್ತೆ ಕಟ್ಟಿದ ಹಾಗೆ. ಬಾಲೂ ತೀರಿಕೊಂಡಿದ್ದು 1955ರಲ್ಲಿ. ಅದೇ ವರ್ಷ ನಮ್ಮ ದೇಶದಲ್ಲಿ ಅಸ್ಪೃಶ್ಯತೆ ಅಪರಾಧ ಅನ್ನೋ ಕಾನೂನು ಬಂತು. ಕಾನೂನಿಗಿಂತ ಮೂವತ್ತೈದು ವರ್ಷ ಮುಂಚೆ ಆ ಮನೆಯ ಅಣ್ಣತಮ್ಮಂದಿರು ಒಂದು ಕ್ರಿಕೆಟ್ ಕ್ಲಬ್ಬಿಗೆ ಆ ಮಾತನ್ನ ಹೇಳಿ ಆಗಿತ್ತು.

ಮುಂದಿನ ಸಲ ಪೇಪರಿನಲ್ಲಿ "ಈ ಸಮುದಾಯದಿಂದ ಬಂದ ಮೊದಲ ಆಟಗಾರ" ಅಂತ ಹೆಡ್ಡಿಂಗ್ ನೋಡಿದಾಗ ಸಂಭ್ರಮ ಪಡಿ, ಬೇಡ ಅನ್ನಲ್ಲ. ಜೊತೆಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇಷ್ಟು ದಿನ ಬಾಗಿಲು ಹಿಡಿದುಕೊಂಡು ನಿಂತಿದ್ದವರು ಯಾರು? ಇವನನ್ನ ಒಳಗೆ ಬಿಟ್ಟ ಮೇಲೆ, ಟೀ ಬ್ರೇಕಿಗೆ ಇವನು ಎಲ್ಲಿ ಕೂರ್ತಾನೆ? ಆಫೀಸಿನ ಮೈದಾನದಲ್ಲಿ ಚೆಂಡು ತಿರುಗಿದಾಗ "ಬಾಲೂ! ಬಾಲೂ!" ಅಂತ ಕೂಗಿದರೂ ಆಗುತ್ತೆ. ಅದು ನಮ್ಮ ಧಾರವಾಡದ ಹೆಸರು, ಬಾಯಿಗೂ ಸಲೀಸು.